ಓದಲಾಗದ ಬೋರ್ಡಿಗೆ ಒಪ್ಪಿಗೆ ಎಲ್ಲಿಂದ ಬಂತು?

ಬೋರ್ಡು ಅಂದರೆ ಬರೀ ತಗಡಲ್ಲ ಗೆಳೆಯರೇ. ಖಾಸಗಿ ಪಾರ್ಕಿಂಗ್ ಜಾಗದ ಬಾಗಿಲಲ್ಲಿ ನೆಟ್ಟ ಬೋರ್ಡು ಒಂದು ಕರಾರು ಪತ್ರ. ಅದನ್ನು ದಾಟಿ ಒಳಗೆ ಗಾಡಿ ನುಗ್ಗಿಸಿದವನು ಪೆನ್ನು ಮುಟ್ಟದೆಯೇ ಸಹಿ ಹಾಕಿದ ಹಾಗೆ. ಗಂಟೆಗೆ ಇಷ್ಟು, ಚೀಟಿ ಕಳೆದರೆ ಇಷ್ಟು, ಹೊತ್ತು ಮೀರಿದರೆ ಇಷ್ಟು, ಗಾಡಿ ಕಳುವಾದರೆ ನಮ್ಮನ್ನು ಕೇಳಬೇಡ. ಇಷ್ಟಕ್ಕೂ ನೀನು ಆಗಲೇ ಒಪ್ಪಿಯಾಗಿದೆ ಎಂದು ಜಾಗದ ಧಣಿ ನಾಳೆ ಎದೆ ತಟ್ಟಿ ಹೇಳುತ್ತಾನೆ. ಹಾಗಾದರೆ ನಮ್ಮ ಪ್ರಶ್ನೆ ಒಂದೇ. ಓದಲಾಗದ್ದಕ್ಕೆ ಒಪ್ಪುವುದು ಹೇಗೆ?

ಓದಲಾಗದ ಬೋರ್ಡಿನಲ್ಲಿ ಮೂರು ಜಾತಿ. ಅಕ್ಷರ ಸಾಸಿವೆ ಕಾಳಿನಷ್ಟಿರುವುದು ಒಂದು. ಕಂಬದ ಹಿಂದೆ, ಗಿಡದ ಮರೆಯಲ್ಲಿ ಅಡಗಿ ಕೂತಿರುವುದು ಇನ್ನೊಂದು. ನಿಮ್ಮ ಊರಿನಲ್ಲೇ ನಿಂತು, ನಿಮಗೆ ಬಾರದ ಭಾಷೆಯಲ್ಲಿ ನಿಮ್ಮ ಜೇಬಿಗೆ ಕತ್ತರಿ ಹಾಕುವುದು ಮೂರನೆಯದು. ಮೊದಲೆರಡರ ಬಗ್ಗೆ ಬ್ರಿಟನ್ನಿನ ಜನ ಐವತ್ತು ವರ್ಷಗಳಿಂದ ಕೋರ್ಟು ಹತ್ತಿ ಇಳಿದಿದ್ದಾರೆ. ಮೂರನೆಯದರ ಬಗ್ಗೆ ಅಲ್ಲೇ ವೇಲ್ಸ್ ನಾಡಿನಲ್ಲಿ ಒಂದು ಜಗಳ ನಡೆದಿದೆ. ಅವೆರಡನ್ನೂ ತಿಳಿದುಕೊಳ್ಳದೆ ನಮ್ಮ ಬೆಂಗಳೂರಿನ ನೆಲಮಾಳಿಗೆಗಳಲ್ಲಿ ಬರುತ್ತಿರುವ ಕ್ಯಾಮೆರಾ ಕಾಲವನ್ನು ಎದುರಿಸಲಾಗದು.

ಬೀಗ ಹೋಯಿತು, ಕ್ಯಾಮೆರಾ ಬಂತು

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಖಾಸಗಿ ಜಾಗದಲ್ಲಿ ಗಾಡಿ ನಿಲ್ಲಿಸಿದರೆ ಚಕ್ರಕ್ಕೆ ಬೀಗ ಜಡಿಯುತ್ತಿದ್ದರು. ಕೈಗೆ ಕಾಸು ಬಿದ್ದರಷ್ಟೇ ಬೀಗ ಬಿಚ್ಚುವುದು. ಸ್ಕಾಟ್ಲೆಂಡಿನ ಕೋರ್ಟು 1992ರಲ್ಲೇ ಇದನ್ನು ಸುಲಿಗೆ ಎಂದು ಕರೆದು ನಿಲ್ಲಿಸಿತು. ಇಂಗ್ಲೆಂಡು ಮತ್ತು ವೇಲ್ಸ್‌ಗೆ ಬುದ್ಧಿ ಬಂದದ್ದು ಇಪ್ಪತ್ತು ವರ್ಷ ತಡವಾಗಿ. 2012ರ ಅಕ್ಟೋಬರ್ 1ರಿಂದ ಅಲ್ಲಿ ಖಾಸಗಿ ಜಾಗದಲ್ಲಿ ಬೀಗ ಹಾಕುವುದು ಅಪರಾಧ. ಜನ ಉಸ್ಸಪ್ಪಾ ಅಂದರು.

ಆದರೆ ಬಲಗೈಯಿಂದ ಕಿತ್ತುಕೊಂಡ ಆಯುಧವನ್ನು ಸರ್ಕಾರ ಎಡಗೈಗೆ ಬೇರೆ ರೂಪದಲ್ಲಿ ಕೊಟ್ಟಿತು. ಅದೇ ಕಾನೂನಿನ ನಾಲ್ಕನೇ ಅನುಸೂಚಿಯ ಪ್ರಕಾರ, ಗಾಡಿ ಓಡಿಸಿದ್ದು ಯಾರು ಎಂದು ಗೊತ್ತಾಗದಿದ್ದರೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಂದಲೇ ಹಣ ಕೇಳಬಹುದು. ಅಲ್ಲಿಗೆ ಬೀಗ ಹಾಕುವ ಆಳು ಬೇಡವಾದ. ಬಾಗಿಲಲ್ಲಿ ಒಂದು ಕ್ಯಾಮೆರಾ ಸಾಕು. ಅದು ಒಳಗೆ ಬರುವಾಗ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತದೆ, ಹೊರಗೆ ಹೋಗುವಾಗ ಇನ್ನೊಂದು ತೆಗೆಯುತ್ತದೆ. ಕಂಪ್ಯೂಟರು ಒಂದರಲ್ಲಿ ಇನ್ನೊಂದನ್ನು ಕಳೆದು ಲೆಕ್ಕ ಹಾಕುತ್ತದೆ. ಹೊತ್ತು ಮೀರಿದ್ದರೆ ಮನೆಗೆ ಕಾಗದ.

ಮನೆ ವಿಳಾಸ ಎಲ್ಲಿಂದ ಸಿಕ್ಕಿತು? ಸರ್ಕಾರದ್ದೇ ವಾಹನ ನೋಂದಣಿ ಇಲಾಖೆಯಿಂದ. ಒಂದು ಗಾಡಿಯ ವಿವರಕ್ಕೆ ಎರಡೂವರೆ ಪೌಂಡ್ ರೇಟು. ಇದು ಖರ್ಚಿಗಷ್ಟೇ, ಲಾಭಕ್ಕಲ್ಲ ಎಂದು ಇಲಾಖೆ ಹೇಳಿಕೊಳ್ಳುತ್ತದೆ. 2023-24ರ ಒಂದೇ ವರ್ಷದಲ್ಲಿ ಪಾರ್ಕಿಂಗ್ ಕಂಪನಿಗಳು ಹೀಗೆ ಪಡೆದ ವಿವರ 1 ಕೋಟಿ 20 ಲಕ್ಷ ದಾಟಿದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಜನ ಕಾನೂನಿಗೆ ಹೆದರಿ ಕೊಟ್ಟ ವಿಳಾಸ, ವಸೂಲಿಗಾರನ ಕೈಯಲ್ಲಿ!

ಕಾಗದದಲ್ಲಿ ಕೇಳುವ ಮೊತ್ತ ಸಾಮಾನ್ಯವಾಗಿ 100 ಪೌಂಡ್‌ವರೆಗೆ. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಗೂ ಹೆಚ್ಚು. ಹದಿನಾಲ್ಕು ದಿನದೊಳಗೆ ಕಟ್ಟಿದರೆ 60 ಪೌಂಡ್ ಸಾಕಂತೆ. ಇದರ ಒಳಮರ್ಮ ಗೊತ್ತಾಯಿತೇ? ತಪ್ಪು ಮಾಡದವನೂ ಜಗಳವೇ ಬೇಡವೆಂದು ಅರವತ್ತು ಎಸೆದು ಕೈ ತೊಳೆದುಕೊಳ್ಳಲಿ ಎಂಬ ಲೆಕ್ಕಾಚಾರ.

ಹೆಸರಿನಲ್ಲೂ ಟೋಪಿ ಇದೆ. ಅಲ್ಲಿನ ನಗರಸಭೆ ರಸ್ತೆಯಲ್ಲಿ ಹಾಕುವ ದಂಡಕ್ಕೆ 'ಪೆನಾಲ್ಟಿ ಚಾರ್ಜ್ ನೋಟಿಸ್' ಎಂದು ಹೆಸರು. ಖಾಸಗಿ ಕಂಪನಿ ಕಳಿಸುವ ಕಾಗದಕ್ಕೆ 'ಪಾರ್ಕಿಂಗ್ ಚಾರ್ಜ್ ನೋಟಿಸ್' ಎಂದು ಹೆಸರು. ಚುಟುಕಾಗಿ ಕರೆದರೆ ಎರಡೂ ಪಿ.ಸಿ.ಎನ್.! ಮೊದಲನೆಯದು ಸರ್ಕಾರಿ ದಂಡ, ಎರಡನೆಯದು ಬರೀ ಬಿಲ್ಲು. ಬಿಲ್ಲಿಗೆ ದಂಡದ ವೇಷ ತೊಡಿಸಿ ಮನೆಬಾಗಿಲಿಗೆ ಕಳಿಸಿದರೆ ಹೆದರದವರು ಎಷ್ಟು ಮಂದಿ?

ಕ್ಯಾಮೆರಾ ನೋಡದೆ ಬಿಡುವುದೇನು?

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಸರಿ, ಅದು ಅರ್ಧ ನಿಜ ಹೇಳುತ್ತದೆ. ಅರ್ಧ ನಿಜ ಪೂರ್ತಿ ಸುಳ್ಳಿಗಿಂತ ಅಪಾಯ.

ಬಾಗಿಲ ಕ್ಯಾಮೆರಾಕ್ಕೆ ಗೊತ್ತಿರುವುದು ಎರಡೇ ಸಂಗತಿ: ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು. ಗಾಡಿ ನಿಂತದ್ದು ಎಷ್ಟು ಹೊತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಜಾಗಕ್ಕಾಗಿ ಸುತ್ತು ಹೊಡೆದದ್ದು, ಹೊರಗೆ ಹೋಗಲು ಸಾಲಿನಲ್ಲಿ ಕಾದದ್ದು, ನಡೆಯಲಾಗದ ಮುದುಕರನ್ನು ಸೀಟಿನಿಂದ ಇಳಿಸಿ ಕೂರಿಸಿದ್ದು, ಎಲ್ಲವೂ ಅದರ ಲೆಕ್ಕದಲ್ಲಿ 'ಪಾರ್ಕಿಂಗ್'. ಇನ್ನೂ ಒಂದು ತಮಾಷೆ ಕೇಳಿ. ಬೆಳಿಗ್ಗೆ ಹತ್ತು ನಿಮಿಷ ಬಂದು ಹೋದವರು ಸಂಜೆ ಮತ್ತೆ ಹತ್ತು ನಿಮಿಷ ಬಂದರು ಅನ್ನಿ. ಮಧ್ಯದ ಒಂದು ಹೋಗುವಿಕೆ, ಒಂದು ಬರುವಿಕೆ ಕ್ಯಾಮೆರಾಕ್ಕೆ ತಪ್ಪಿಹೋದರೆ ಗಾಡಿ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಬಿದ್ದಿತ್ತು ಎಂದು ಲೆಕ್ಕ! ಇಂಥ ಕಾಗದ ಬಂದವರು ಬ್ರಿಟನ್ನಿನಲ್ಲಿ ಬೇಕಾದಷ್ಟು ಜನ. ನಾನು ಅಲ್ಲಿರಲಿಲ್ಲ ಎಂದು ಸಾಬೀತು ಮಾಡುವ ಭಾರ ಬೀಳುವುದು ಗಾಡಿಯವನ ತಲೆಯ ಮೇಲೆ.

ಡರ್ಬಿ ನಗರದ ಮಹಿಳೆಯೊಬ್ಬರ ಕಥೆ ಅಲ್ಲಿ ದೊಡ್ಡ ಗಲಾಟೆಯಾಯಿತು. ಫೋನಿನ ಸಿಗ್ನಲ್ ಸರಿಯಾಗಿ ಸಿಗದ ಜಾಗದಲ್ಲಿ ಗಾಡಿ ನಿಲ್ಲಿಸಿ, ಸ್ವಲ್ಪ ತಡವಾಗಿ ಆದರೂ ಪ್ರತಿ ಸಲ ಪೂರ್ತಿ ಹಣ ಕಟ್ಟಿದ್ದರು. ಐದು ನಿಮಿಷದೊಳಗೆ ಕಟ್ಟಬೇಕೆಂಬ ಷರತ್ತು ಮುರಿದಿದ್ದೀರಿ ಎಂದು ಕಂಪನಿ 1,906 ಪೌಂಡ್ ಕೇಳಿ ಕೋರ್ಟಿಗೆ ಎಳೆಯಿತು. ಸುದ್ದಿ ಊರೆಲ್ಲ ಹರಡಿದ ಮೇಲೆ ಕೇಸು ಕೈಬಿಟ್ಟಿತು. 2025ರ ಫೆಬ್ರವರಿಯಲ್ಲಿ ಪಾರ್ಕಿಂಗ್ ಉದ್ಯಮದವರು ತಮ್ಮ ನಿಯಮ ತಿದ್ದಿಕೊಂಡರು: ಕ್ಯಾಮೆರಾ ಇರುವ ಕಡೆ ಹೊರಡುವ ಮೊದಲು ಹಣ ಕಟ್ಟಿದರೆ ಸಾಕು. ಬಾಯಿ ಬಿಟ್ಟವರಿಂದ ನಿಯಮ ಬದಲಾಯಿತು. ಬಾಯಿ ಮುಚ್ಚಿಕೊಂಡು ಕಟ್ಟಿದವರಿಂದ ಅಲ್ಲ.

ಸರ್ಕಾರ ಏನು ಮಾಡುತ್ತಿತ್ತು? 2019ರಲ್ಲಿ ಪಾರ್ಕಿಂಗ್ ಸಂಹಿತೆಗೆಂದೇ ಕಾನೂನು ಮಾಡಿತು. 2022ರ ಫೆಬ್ರವರಿಯಲ್ಲಿ ಸಂಹಿತೆ ಹೊರಡಿಸಿತು. ಕಂಪನಿಗಳು ಕೋರ್ಟಿಗೆ ಹೋದದ್ದೇ ತಡ, ಜೂನಿನಲ್ಲಿ ವಾಪಸು ತೆಗೆದುಕೊಂಡಿತು. 2025ರ ಜುಲೈನಲ್ಲಿ ಮತ್ತೆ ಜನಾಭಿಪ್ರಾಯ ಕೇಳಲು ಕೂತಿತು. ಹಣದ ಚೀಲ ಇದ್ದವರ ಮುಂದೆ ಸರ್ಕಾರಗಳ ನಡುಕ ಲಂಡನ್ನಿನಲ್ಲೂ ಒಂದೇ, ವಿಧಾನಸೌಧದಲ್ಲೂ ಒಂದೇ.

ಮೂರು ತೀರ್ಪು, ಒಂದೇ ಪಾಠ

ಆದರೆ ಅಲ್ಲಿನ ಕೋರ್ಟುಗಳಿಂದ ನಾವು ಕಲಿಯಬೇಕಾದದ್ದಿದೆ. 1964ರಲ್ಲಿ ಲಂಡನ್ನಿನಲ್ಲಿ ತುತ್ತೂರಿ ವಾದಕನೊಬ್ಬ ಬಹುಮಹಡಿ ಪಾರ್ಕಿಂಗ್‌ಗೆ ಕಾರು ತಂದ. ಯಂತ್ರ ಚೀಟಿ ಉಗುಳಿತು. ವಾಪಸು ಬಂದಾಗ ಅಲ್ಲೇ ಅಪಘಾತವಾಗಿ ಪೆಟ್ಟು ಬಿತ್ತು. ಗಾಯವಾದರೂ ನಾವು ಹೊಣೆಯಲ್ಲ ಎಂದು ಒಳಗಿನ ಕಂಬದಲ್ಲಿ ಷರತ್ತು ಹಾಕಿದ್ದೇವೆ ಎಂದಿತು ಕಂಪನಿ. 1971ರ ಕಾನೂನು ವರದಿಯಲ್ಲಿ ದಾಖಲಾದ ಆ ತೀರ್ಪಿನಲ್ಲಿ ಲಾರ್ಡ್ ಡೆನ್ನಿಂಗ್ ಕಂಪನಿಯ ವಾದ ಒಪ್ಪಲಿಲ್ಲ. ಯಂತ್ರದ ಜೊತೆ ಯಾರೂ ಚೌಕಾಸಿ ಮಾಡಲಾಗದು, ಬೈದರೂ ಅದಕ್ಕೆ ಕೇಳಿಸದು. ಚೀಟಿ ಬಂದ ಕ್ಷಣಕ್ಕೆ ಕರಾರು ಮುಗಿಯಿತು. ಆಮೇಲೆ ಒಳಗೆ ಕಾಣಿಸುವ ಷರತ್ತು ಗಿರಾಕಿಯನ್ನು ಕಟ್ಟಿಹಾಕದು. ಷರತ್ತು ಕಠಿಣವಾದಷ್ಟೂ ಅದು ಎದ್ದು ಕಾಣಬೇಕು. ಇದು ತೀರ್ಪಿನ ತಿರುಳು.

2000ದಲ್ಲಿ ಇನ್ನೊಂದು. ಆಸ್ಪತ್ರೆಯಿಂದ ಬರುತ್ತಿದ್ದ ಹೆಂಗಸೊಬ್ಬಳಿಗೆ ದಾರಿಯಲ್ಲಿ ವಾಂತಿ ಬಂತು. ಖಾಸಗಿ ಜಾಗದಲ್ಲಿ ಕಾರು ನಿಲ್ಲಿಸಿ ಇಳಿದಳು. ಬರುವಷ್ಟರಲ್ಲಿ ಚಕ್ರಕ್ಕೆ ಬೀಗ. ಗೋಡೆಯ ಮೇಲೆ ಬೋರ್ಡಿತ್ತು, ನಿಜ. ಆದರೆ ಅದರ ಮುಂದೆ ದೊಡ್ಡ ಜೀಪಿನಂಥ ಗಾಡಿ ನಿಂತಿತ್ತು. ನೋಡದ ಬೋರ್ಡಿಗೆ ಒಪ್ಪಿಗೆ ಇಲ್ಲ ಎಂದು ಮೇಲ್ಮನವಿ ಕೋರ್ಟು ಆಕೆಯ ಪರ ನಿಂತಿತು.

ಮೂರನೆಯದರಲ್ಲಿ ಕಂಪನಿ ಗೆದ್ದಿತು. ಆ ಗೆಲುವನ್ನೂ ಓದಿ. ಚೆಲ್ಮ್ಸ್‌ಫರ್ಡ್ ಊರಿನ ಅಂಗಡಿ ಸಂಕೀರ್ಣದಲ್ಲಿ ಎರಡು ಗಂಟೆ ಬಿಟ್ಟಿ ಪಾರ್ಕಿಂಗ್. 2013ರಲ್ಲಿ ಮೀನು-ಚಿಪ್ಸ್ ಅಂಗಡಿಯ ಒಬ್ಬ ಮಾಲೀಕ ಅಲ್ಲಿ 56 ನಿಮಿಷ ಹೆಚ್ಚು ನಿಂತ. 85 ಪೌಂಡ್ ಬಿತ್ತು. ಆತ ಸುಪ್ರೀಂ ಕೋರ್ಟಿನವರೆಗೆ ಹೋದ. 2015ರ ನವೆಂಬರಿನಲ್ಲಿ ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಕಂಪನಿಯ ಪರ ತೀರ್ಪು ಕೊಟ್ಟರು. ಯಾಕೆ? ಜಾಗ ಎಲ್ಲರಿಗೂ ಸಿಗಬೇಕಾದರೆ ಒಬ್ಬನೇ ದಿನವಿಡೀ ಹಿಡಿದುಕೊಳ್ಳಬಾರದು ಎಂಬುದು ಒಂದು ಕಾರಣ. ಆವರಣದಲ್ಲಿ ಸುಮಾರು ಇಪ್ಪತ್ತು ಬೋರ್ಡುಗಳಿದ್ದವು, ಅವು ದೊಡ್ಡವು, ಎದ್ದು ಕಾಣುವಂಥವು, ಓದಬಲ್ಲಂಥವು ಎಂಬುದು ಇನ್ನೊಂದು.

ಅಂದರೆ, ಸೋತ ತೀರ್ಪಿರಲಿ ಗೆದ್ದ ತೀರ್ಪಿರಲಿ, ಹೇಳಿದ್ದು ಒಂದನ್ನೇ. ವಸೂಲಿಯ ಹಕ್ಕು ಹುಟ್ಟುವುದು ಕ್ಯಾಮೆರಾದಿಂದ ಅಲ್ಲ, ಬೋರ್ಡಿನಿಂದ. ಬೋರ್ಡು ಓದಲು ಬಂದರಷ್ಟೇ ಕರಾರು.

ವೇಲ್ಸ್ ಜನರ ಹಠ

ಈಗ ಭಾಷೆಯ ಮಾತಿಗೆ ಬರೋಣ. ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಇದೆ. ಆ ನೆಲದ ಭಾಷೆ ವೆಲ್ಷ್. ಇಂಗ್ಲಿಷಿನ ಕಾಲಡಿ ಸಿಕ್ಕಿ ನಲುಗಿದ ಭಾಷೆ. 1962ರಲ್ಲಿ ಅಲ್ಲಿನ ಯುವಕರು ವೆಲ್ಷ್ ಭಾಷಾ ಸಂಘ ಕಟ್ಟಿದರು. ಇಂಗ್ಲಿಷ್ ಮಾತ್ರ ಇದ್ದ ರಸ್ತೆ ಫಲಕಗಳಿಗೆ ಬಣ್ಣ ಬಳಿದರು, ಜೈಲಿಗೆ ಹೋದರು. ಇವತ್ತು ವೇಲ್ಸ್‌ನ ರಸ್ತೆ ಫಲಕಗಳು ಎರಡೂ ಭಾಷೆಯಲ್ಲಿವೆ. 2011ರ ಕಾನೂನು ವೆಲ್ಷ್‌ಗೆ ಅಧಿಕೃತ ಸ್ಥಾನ ಕೊಟ್ಟಿತು.

ಆದರೂ ಒಂದು ಕಿಂಡಿ ಉಳಿಯಿತು. ಆ ಕಾನೂನಿನ ಭಾಷಾ ನಿಯಮಗಳು ಮುಖ್ಯವಾಗಿ ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಪಾರ್ಕಿಂಗ್ ಕಂಪನಿಗೆ ಅನ್ವಯವಿಲ್ಲ. 2020ರಲ್ಲಿ ಲಾನ್‌ಗ್ರಾನಾಗ್ ಎಂಬ ಕಡಲತಡಿಯ ಹಳ್ಳಿಯಲ್ಲಿ ಗಾಡಿ ನಿಲ್ಲಿಸಿದ್ದ ಭಾಷಾ ಹೋರಾಟಗಾರರೊಬ್ಬರಿಗೆ ಇಂಗ್ಲಿಷಿನಲ್ಲಿ ಮಾತ್ರ ಬರೆದ ನೋಟಿಸು ಬಂತು. ನಮ್ಮ ಭಾಷೆಯಲ್ಲಿ ಕೊಡಿ, ಆಮೇಲೆ ಮಾತು ಎಂದರು. ಕಂಪನಿ ಭಾಷಾಂತರ ಮಾಡಿಸುವ ಬದಲು ಕೋರ್ಟು ಹತ್ತಿತು. 2022ರಲ್ಲಿ ಕಂಪನಿಯ ಕಡೆಯವರೇ ಹಾಜರಾಗದೆ ಕೇಸು ಬಿದ್ದುಹೋಯಿತು. ಕಂಪನಿ ಅಲ್ಲಿಗೂ ಬಿಡದೆ ಮತ್ತೆ ಮತ್ತೆ ಅಬೆರಿಸ್ಟ್‌ವಿತ್ ಕೋರ್ಟಿಗೆ ಎಳೆಯಿತು. ಯೋಚಿಸಿ: ಒಂದು ಹಾಳೆಯ ಭಾಷಾಂತರಕ್ಕೆ ಎಷ್ಟು ಕಾಸು? ವಕೀಲರಿಗೆ ಎಷ್ಟು ಕಾಸು? ಕಾಸಿನ ಲೆಕ್ಕವಾಗಿದ್ದರೆ ಭಾಷಾಂತರವೇ ಅಗ್ಗ. ಇದು ಸೊಕ್ಕಿನ ಲೆಕ್ಕ.

ಇನ್ನು ನಮ್ಮ ಬೆಂಗಳೂರು

ವೇಲ್ಸ್‌ನ ಅದೇ ಕಿಂಡಿ ನಮ್ಮಲ್ಲೂ ಇದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿ ಬಂತು. ಫಲಕದ ಶೇಕಡಾ 60 ಭಾಗ ಕನ್ನಡ, ಅದೂ ಮೇಲ್ಭಾಗದಲ್ಲಿ. 2023ರ ಡಿಸೆಂಬರಿನಲ್ಲಿ ಬೀದಿಗಿಳಿದವರ ಬೆವರಿನ ಫಲ ಅದು. ಆದರೆ ಆ ಮಾತು ಇರುವುದು ಹೆಸರು ತೋರಿಸುವ ಫಲಕಗಳ ಬಗ್ಗೆ. ಮಾಲ್‌ನ ಹೆಬ್ಬಾಗಿಲಿಗೆ ಹೋಗಿ ನೋಡಿ: ಹೆಸರು ಕನ್ನಡದಲ್ಲಿ ಝಗಮಗ. ನೆಲಮಾಳಿಗೆಗೆ ಇಳಿಯಿರಿ: ದರ, ಷರತ್ತು, 'ಲಾಸ್ಟ್ ಟಿಕೆಟ್' ವಸೂಲಿ, 'ಪಾರ್ಕಿಂಗ್ ಅಟ್ ಓನರ್ಸ್ ರಿಸ್ಕ್', ಎಷ್ಟೋ ಕಡೆ ಬರೀ ಇಂಗ್ಲಿಷು. ಹೊಗಳಿಕೆಗೆ ಕನ್ನಡ, ವಸೂಲಿಗೆ ಇಂಗ್ಲಿಷ್! ಮುಖಕ್ಕೆ ಅರಿಶಿನ ಕುಂಕುಮ, ಜೇಬಿಗೆ ಕತ್ತರಿ.

ಇದರ ಏಟು ಯಾರಿಗೆ? ಕಾರಿನಲ್ಲಿ ಏಸಿ ಹಾಕಿಕೊಂಡು ಇಳಿಯುವ ಸಾಹೇಬನಿಗಲ್ಲ. ಮಂಡ್ಯದಿಂದ ಬಂದು ಕ್ಯಾಬ್ ಓಡಿಸುವ ಹುಡುಗನಿಗೆ, ಊಟದ ಡಬ್ಬಿ ತಲುಪಿಸಲು ಬೈಕು ನಿಲ್ಲಿಸುವ ಕಲಬುರಗಿಯ ಹುಡುಗನಿಗೆ, ಆಸ್ಪತ್ರೆಗೆ ಅಪ್ಪನನ್ನು ಕರೆತಂದ ತುಮಕೂರಿನ ಹೆಣ್ಣುಮಗಳಿಗೆ. ಚೀಟಿ ಕಳೆಯಿತೆಂದು ದಂಡ ಕೇಳಿದಾಗ ಬೋರ್ಡು ತೋರಿಸುತ್ತಾನೆ. ಆ ಬೋರ್ಡಿನಲ್ಲಿ ಅವರ ಅಕ್ಷರವೇ ಇಲ್ಲ.

1872ರ ಕರಾರು ಕಾಯಿದೆಯ 13ನೇ ಕಲಮು ಓದಿ. ಇಬ್ಬರೂ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಸಮ್ಮತಿ. ಬ್ರಿಟಿಷರೇ ಬರೆದಿಟ್ಟು ಹೋದ ಮಾತಿದು. ಅಕ್ಷರವೇ ಗೊತ್ತಿಲ್ಲದವನು ಯಾವ ಅರ್ಥದಲ್ಲಿ ಒಪ್ಪಿದ? 74ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಕರಾರು ಮುರಿದರೆ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಬೋರ್ಡಿನಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ, ಅಷ್ಟನ್ನೂ ಕೊಡಲೇಬೇಕೆಂದಿಲ್ಲ. ದಂಡ ಹಾಕುವ ಅಧಿಕಾರ ಪೊಲೀಸರಂಥ ಸರ್ಕಾರಿ ಅಧಿಕಾರಿಗಳದ್ದು. ಸಮವಸ್ತ್ರ ತೊಟ್ಟ ಗುತ್ತಿಗೆದಾರನ ಆಳಿಗೆ ಅದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಆದ ನಷ್ಟಕ್ಕೆ ತಾಳೆಯಾಗದ ದಂಡ ಹೇರುವ ಕರಾರನ್ನು ಅನ್ಯಾಯದ ಕರಾರು ಎಂದೇ ಕರೆಯುತ್ತದೆ.

'ಓನರ್ಸ್ ರಿಸ್ಕ್' ಎಂಬ ಮಂತ್ರಕ್ಕೂ ಉತ್ತರವಿದೆ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ನಿಲ್ಲಿಸಿದ್ದ ಮಾರುತಿ ಝೆನ್ ಕಾರು ಕಳುವಾಯಿತು. ಅಪಾಯ ಮಾಲೀಕರದ್ದು ಎಂದು ಚೀಟಿಯಲ್ಲಿ ಬರೆದಿದ್ದೇವೆ ಎಂದಿತು ಹೋಟೆಲು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ವಾದ ತಳ್ಳಿಹಾಕಿತು. ಕೀಲಿ ಪಡೆದ ಮೇಲೆ ಜೋಪಾನ ಮಾಡುವ ಹೊಣೆ ನಿಮ್ಮದು, ನಿಮ್ಮ ಅಜಾಗ್ರತೆಯನ್ನು ಚೀಟಿಯ ಸಾಲು ಮುಚ್ಚಿಹಾಕದು ಎಂದಿತು. ಆ ಪೀಠದಲ್ಲಿದ್ದವರು ನಮ್ಮ ಹಾವೇರಿ ಜಿಲ್ಲೆಯ ಚಿಕ್ಕೇರೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಕೀಲಿ ಕೊಡದೆ ನೀವೇ ನಿಲ್ಲಿಸಿದ ಕಡೆ ವಾದ ಬೇರೆಯಾಗಬಹುದು. ಆದರೆ ಬೋರ್ಡು ಬರೆದೆ, ಕೈ ತೊಳೆದುಕೊಂಡೆ ಎಂಬ ಕಾಲ ಮುಗಿಯಿತು.

ಕ್ಯಾಮೆರಾ ಇಲ್ಲಿಗೂ ಬಂದಿದೆ. ನಂಬರ್ ಪ್ಲೇಟು ಓದುವ ಕಂಬ, ಫಾಸ್ಟ್ಯಾಗ್‌ನಿಂದ ತಾನೇ ಹಣ ಕತ್ತರಿಸುವ ಗೇಟು. ಮನೆ ವಿಳಾಸ ಮಾರುವ ರೋಗವೂ ಒಮ್ಮೆ ತಲೆ ಹಾಕಿತ್ತು. ವಾಹನ ನೋಂದಣಿಯ ದತ್ತಾಂಶವನ್ನು 87 ಖಾಸಗಿ ಕಂಪನಿ, 32 ಸರ್ಕಾರಿ ಸಂಸ್ಥೆಗಳಿಗೆ ಕೊಟ್ಟು 65 ಕೋಟಿ ರೂಪಾಯಿ ಗಳಿಸಿದ್ದೇವೆ ಎಂದು ಕೇಂದ್ರ ಸಚಿವರು 2019ರ ಜುಲೈನಲ್ಲಿ ರಾಜ್ಯಸಭೆಗೆ ಹೇಳಿದ್ದರು. 2020ರಲ್ಲಿ ಆ ನೀತಿ ರದ್ದಾಯಿತು. ಮತ್ತೆ ಚಿಗುರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಇಲ್ಲೇ ನಮಗೊಂದು ಹತಾರ ಸಿಕ್ಕಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ಒಪ್ಪಿಗೆ ಕೇಳಿ ಮಾಹಿತಿ ಪಡೆಯುವವರು ಕೊಡುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರದ್ದು. ಕನ್ನಡ ಆ ಅನುಸೂಚಿಯಲ್ಲಿದೆ. ಇದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಅಷ್ಟರೊಳಗೆ ಕನ್ನಡದ ನೋಟಿಸು ಸಿದ್ಧವಾಗಬೇಕು ಎಂದು ಈಗಲೇ ಒತ್ತಾಯಿಸದಿದ್ದರೆ, ಗಡುವು ಮುಗಿದ ಮೇಲೆ ಅಳುವುದೇ ಉಳಿಯುತ್ತದೆ.

ಧಣಿಗಳ ವಾದಕ್ಕೆ ಉತ್ತರ

ಜಾಗ ನಮ್ಮದು, ಬಿಟ್ಟಿ ಕೊಡಬೇಕೇ ಎಂದು ಧಣಿಗಳು ಕೇಳುತ್ತಾರೆ. ಬೇಡ. ನಿಯಮವಿಲ್ಲದಿದ್ದರೆ ಮೆಟ್ರೋ ಹತ್ತುವವರೆಲ್ಲ ಪಕ್ಕದ ಅಂಗಡಿಯ ಜಾಗದಲ್ಲಿ ದಿನವಿಡೀ ಬೈಕು ಬಿಟ್ಟು ಹೋಗುತ್ತಾರೆ, ಅಂಗಡಿಗೆ ಬರುವವರಿಗೆ ಜಾಗವಿರುವುದಿಲ್ಲ. ಶುಲ್ಕಕ್ಕೆ ನಮ್ಮ ತಕರಾರಿಲ್ಲ. ತಕರಾರು ಕದ್ದುಮುಚ್ಚಿ ಕಟ್ಟುವ ಬಲೆಗೆ. ಬೆಂಗಳೂರಿಗೆ ಎಲ್ಲ ರಾಜ್ಯದವರೂ ಬರುತ್ತಾರೆ, ಇಂಗ್ಲಿಷ್ ಬೇಡವೇ ಎಂದು ಇನ್ನೊಂದು ರಾಗ. ಇರಲಿ ಸ್ವಾಮಿ, ಇಂಗ್ಲಿಷೂ ಇರಲಿ. ಮೇಲೆ ಕನ್ನಡ, ಕೆಳಗೆ ನಿಮಗೆ ಬೇಕಾದ್ದು. ಹೊರಗಿನವನಿಗೆ ತಿಳಿಯಲಿ ಎಂಬ ಕಾಳಜಿಯಿರುವ ನಿಮಗೆ ಊರಿನವನಿಗೆ ತಿಳಿಯಲಿ ಎಂಬ ಕಾಳಜಿ ಯಾಕಿಲ್ಲ?

ಮಾಡಬೇಕಾದ್ದು

ಕಲ್ಲು ಹೊಡೆಯುವುದು ಬೇಡ. ಕಲ್ಲಿಗೆ ಅವರ ಹತ್ತಿರ ವಿಮೆ ಇದೆ, ಪ್ರಶ್ನೆಗೆ ಇಲ್ಲ. ಖಾಸಗಿ ಪಾರ್ಕಿಂಗ್‌ಗೆ ಹೋದಾಗ ಮೊದಲು ಬೋರ್ಡಿನ ಫೋಟೋ ತೆಗೆಯಿರಿ. ಕನ್ನಡ ಇದೆಯೇ, ಅಕ್ಷರ ಎಷ್ಟು ದೊಡ್ಡದು, ಒಳಗೆ ನುಗ್ಗುವ ಮೊದಲು ಕಾಣುತ್ತದೆಯೇ ನೋಡಿ. ಹಣ ಕೊಟ್ಟರೆ ರಸೀದಿ ಕೇಳಿ. ಅದರಲ್ಲಿ ಒಳಬಂದ ಹೊತ್ತು, ಹೊರಟ ಹೊತ್ತು ಇರಲಿ. ದಂಡ ಎಂದರೆ ಯಾವ ಕಾನೂನು, ಯಾವ ಕಲಮು ಎಂದು ಕನ್ನಡದಲ್ಲೇ ಕೇಳಿ, ಬರೆದು ಕೊಡಲು ಹೇಳಿ. ಬರೆದು ಕೊಡುವಾಗ ಎಷ್ಟೋ ದಂಡಗಳು ಆವಿಯಾಗುತ್ತವೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಹಚ್ಚಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ದೂರು ಕನ್ನಡದಲ್ಲಿರಲಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರೇ. ಒಂದು, ಹೆಸರಿನ ಫಲಕಕ್ಕೆ ಇರುವ ಶೇಕಡಾ 60ರ ನಿಯಮ ದರ ಮತ್ತು ಷರತ್ತಿನ ಫಲಕಕ್ಕೂ, ಚೀಟಿಗೂ, ಯಂತ್ರದ ಪರದೆಗೂ ಬರಲಿ. ಎರಡು, ಕ್ಯಾಮೆರಾ ಇರುವ ಕಡೆ ಜಾಗ ಹುಡುಕಲು, ಹೊರಡಲು ಇಷ್ಟು ನಿಮಿಷ ಬಿಟ್ಟಿ ಎಂದು ನಿಯಮವಾಗಲಿ. ಮೂರು, ಕನ್ನಡದಲ್ಲಿ ಬರೆಯದ ಷರತ್ತಿನ ಮೇಲೆ ಕಾಸು ವಸೂಲಿ ಮಾಡುವಂತಿಲ್ಲ ಎಂದು ಪಾಲಿಕೆ ಪರವಾನಗಿಯಲ್ಲೇ ಬರೆಯಲಿ.

ಕನ್ನಡದ ಬೋರ್ಡು ಎಂದರೆ ಭಾವುಕರ ಹುಚ್ಚು ಎಂದು ಮೂಗು ಮುರಿಯುವವರಿಗೆ ಇದನ್ನು ಹೇಳಿ. ನಾವು ಕೇಳುತ್ತಿರುವುದು ಅಲಂಕಾರವಲ್ಲ. ನಮ್ಮ ಜೇಬಿಗೆ ಕೈ ಹಾಕುವ ಮುನ್ನ ನಮ್ಮ ಭಾಷೆಯಲ್ಲಿ ಕೇಳು ಎನ್ನುತ್ತಿದ್ದೇವೆ, ಅಷ್ಟೇ. ಓದಲು ಬಾರದ ಬೋರ್ಡು ಕರಾರಲ್ಲ, ಬಲೆ. ಬಲೆಗೆ ಸಹಿ ಹಾಕುವ ದರ್ದು ಕನ್ನಡಿಗನಿಗಿಲ್ಲ.